ಒತ್ತದೆ ಉಳಿದ ಬಲಗಾಲು

ಮನೀಶ್ ನಗರ, ನಾಗಪುರ
ರವಿವಾರ, ೮ ಫೆಬ್ರುವರಿ ೨೦೨೬

ಚಿ. ಸೌ. ಶ್ರೀರಕ್ಷಾಗೆ ನಿನ್ನ ಅವ್ವನ ಆಶೀರ್ವಾದಗಳು.

ಫೋನು ಇರುವಾಗ ಕಾಗದ ಯಾಕೆಂದು ನಗಬೇಡ. ಈ ಮನೆಯ ಗೋಡೆಗಳಿಗೆ ಕಿವಿಯಿದೆ, ಕನ್ನಡ ಓದುವ ಕಣ್ಣಿಲ್ಲ. ನಿನ್ನ ಅತ್ತಿಗೆ ರಾಗಿಣಿ ನಾಗಪುರದಲ್ಲೇ ಹುಟ್ಟಿ ಬೆಳೆದವಳು; ಮಾತು ಬರುತ್ತದೆ, ಅಕ್ಷರ ಬಾರದು. ನಿನ್ನ ಅಣ್ಣ ಸಿದ್ದೇಶನಿಗೆ ಅಕ್ಷರ ಬರುತ್ತದೆ, ರೈಲ್ವೆ ಡ್ಯೂಟಿ ಬಿಟ್ಟು ತಾಯಿಯ ಕಡೆ ನೋಡಲು ಪುರುಸೊತ್ತಿಲ್ಲ. ಹಾಗಾಗಿ ರಾಜಾರೋಷವಾಗಿ ಊಟದ ಟೇಬಲ್ ಮೇಲೇ ಬರೆಯುತ್ತಿದ್ದೇನೆ.

ನಿನ್ನ ಅಣ್ಣನ ಮಗಳು ಅಪೂರ್ವಳ ಶಾಲೆಯ ಸುದ್ದಿ ಕೇಳು. ಎರಡನೇ ಇಯತ್ತೆಯ ಮಕ್ಕಳಿಗೆ ಪ್ರತಿ ಸೋಮವಾರ ಹತ್ತು ಸ್ಪೆಲಿಂಗು, ಒಂದು ಹಾಳೆ ಲೆಕ್ಕ, ಒಂದು ಕೈಂಡ್‌ನೆಸ್ ಕೊಟ್ಟು ಕಳಿಸುತ್ತಾರೆ. ಶುಕ್ರವಾರ ಮೂರನ್ನೂ ಒಪ್ಪಿಸಬೇಕು. ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿಸುತ್ತಲೇ ಮುದುಕಿಯಾದ ನನಗೆ ದಯೆಯೂ ಹೋಂವರ್ಕ್ ಎಂದು ಗೊತ್ತಿರಲಿಲ್ಲ. ಸ್ಪೆಲಿಂಗಿಗೆ ಪರೀಕ್ಷೆಯಿದೆ, ದಯೆಗೆ ಫೋಟೋ ಸಾಕು. ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದರೆ ಮಗುವಿಗೆ ಒಂದು ನಕ್ಷತ್ರ. ಒಬ್ಬ ಪುಣ್ಯವಂತೆ ಮಗನನ್ನು ಕಾರಿನಲ್ಲಿ ಕಳಮನಾ ಮಾರ್ಕೆಟ್ಟಿಗೆ ಒಯ್ದು, ಮೂಟೆ ಹೊತ್ತ ಹಮಾಲನಿಗೆ ನೀರು ಕೊಡಿಸಿದಳಂತೆ. ಫೋಟೋ ಚೆನ್ನಾಗಿ ಬರುವವರೆಗೆ ಅವನು ಮೂಟೆ ಇಳಿಸುವಂತಿರಲಿಲ್ಲ.

ಕಳೆದ ತಿಂಗಳು ನಮ್ಮ ಸರದಿ. ಮನೆಯ ಹಿರಿಯರ ಸೇವೆ ಎಂದು ಬಂತು. ರಾಗಿಣಿ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಅತ್ತೀ, ಕಾಲ್ ಸ್ವಲ್ಪ ಮುಂದ ಚಾಚ್ರಿ, ಫೋಟೋ ಬರೋಬರ್ ಬರ್ಲಿ ಅಂದಳು. ಅಪೂರ್ವ ಎಡಗಾಲು ಒತ್ತಿದಳು. ಫೋಟೋ ಬಂತು, ಹುಡುಗಿ ಎದ್ದು ಹೋದಳು. ನೋವಿರುವುದು ಬಲಗಾಲಿಗೆ. ಅದು ಚಾಚಿಕೊಂಡೇ ಇತ್ತು.

ಮುಂದಿನ ವಾರವೂ ಅದೇ ಸೇವೆ. ಎರಡೂ ಕಾಲು ಸೀರೆಯೊಳಗೆ ಎಳೆದುಕೊಂಡು, ನಾನೇನು ಪ್ರದರ್ಶನದ ಗೊಂಬಿ ಅಲ್ಲ ಅಂದೆ. ಬೇಡಿಕೊಂಡಾರು ಅಂದುಕೊಂಡಿದ್ದೆ. ನಿನ್ನ ಅತ್ತಿಗೆ, ಚಲೋ, ಟೆನ್ಶನ್ ನಕೋ ಎಂದು ಮಗಳನ್ನು ಕೆಳಗಿನ ಮನೆಯ ಭೋಯರ್ ಆಜಿಯ ಹತ್ತಿರ ಕರೆದೊಯ್ದಳು. ಸಕ್ಕರೆ ಕೈಗಡ ತರುವ ಹಾಗೆ ಅಜ್ಜಿಯನ್ನೂ ಕೈಗಡ ತಂದರು! ಆಕೆ ಎರಡೂ ಕಾಲು ಚಾಚಿ ಕೂತಳಂತೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು. ಈಗ ಆಕೆಯೇ ಅವಲಕ್ಕಿ ಚಿವಡಾ ಡಬ್ಬಿ ಹಿಡಿದು ಮೇಲೆ ಬಂದು ಮಗುವನ್ನು ಕರೆಯುತ್ತಾಳೆ.

ಅದನ್ನೂ ಸಹಿಸಿದೆ. ಮೊನ್ನೆ ಮೆಟ್ಟಿಲಿಳಿಯುವಾಗ ಅವರ ಬಾಗಿಲು ತೆರೆದಿತ್ತು. ಅಪೂರ್ವ ಆಕೆಯ ಕಾಲು ಒತ್ತುತ್ತ, ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಕು ಎನ್ನುತ್ತಿದ್ದಳು. ನನ್ನ ಮಗ್ಗಿ ಅದು, ತಲೆ ಬಾಚುತ್ತ ನಾನು ಕಲಿಸಿದ್ದು. ಆ ಮರಾಠಿ ಮುದುಕಿಗೆ ಒಂದಕ್ಷರ ತಿಳಿಯದಿದ್ದರೂ ವಾಹ್ ವಾಹ್ ಅನ್ನುತ್ತಿದ್ದಳು. ಅಲ್ಲಿ ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ನನ್ನ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಈ ತಿಂಗಳ ಕೊನೆಯ ಶುಕ್ರವಾರ ಹಿರಿಯರೇ ಶಾಲೆಗೆ ಬರಬೇಕಂತೆ, ಮಕ್ಕಳು ಎಲ್ಲರೆದುರು ಸೇವೆ ಮಾಡುತ್ತಾರಂತೆ. ಯಾರನ್ನು ಕರೆಯಲಿ ಎಂದು ಅಪೂರ್ವ ನನ್ನನ್ನೇ ಕೇಳಿದಳು. ನಿನ್ನ ಆಜಿ ಕೆಳಗ ಅದಾಳಲ್ಲ, ಆಕಿನ್ನ ಕರ್ಕೊಂಡು ಹೋಗು ಅಂದೆ. ಹುಡುಗಿ ನನ್ನ ಕಾಲು ನೋಡುತ್ತ ನಿಂತಳು. ಇವರ ನಾಟಕ ನನಗೆ ಸಾಕು. ಬಾಗಲಕೋಟೆಗೆ ಟಿಕೆಟ್ ಮಾಡಿಸು, ನಿನ್ನ ಮನೆಗೇ ಬಂದು ಇದ್ದುಬಿಡುತ್ತೇನೆ.

ನಿನ್ನ ಅವ್ವ,
ಕಾಶಿಬಾಯಿ

ತಾ.ಕ.: ಟಿಕೆಟ್ ಈಗಲೇ ಬೇಡ. ನಿನ್ನ ಕಪಾಟಿನಲ್ಲಿರುವ ನನ್ನ ಇಳಕಲ್ ಸೀರೆ ಕೂಡಲೇ ಪಾರ್ಸೆಲ್ ಮಾಡು, ೨೭ನೇ ತಾರೀಖಿನ ಶುಕ್ರವಾರದೊಳಗೆ ಮುಟ್ಟಬೇಕು. ಕೆಳಗಿನವಳು ಪೈಠಣಿ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದಾಳೆ. ಇವತ್ತು ತಲೆ ಬಾಚುವಾಗ ಅಪೂರ್ವಳಿಗೆ ಹೇಳುತ್ತೇನೆ, ನಾನೇ ಬರುತ್ತೇನೆಂದು. ಈ ಸಲ ಬಲಗಾಲನ್ನೇ ಮುಂದೆ ಚಾಚುತ್ತೇನೆ.