ಡೋಲಿಗೊಂದು ಜಾಗ

ಪ್ರೀತಿಯ ತಮ್ಮನಿಗೆ,

ನೀನು, ನಾದಿನಿ, ನಮ್ಮ ಚೂಟಿ ಚೆನ್ನಾಗಿದ್ದೀರಿ ತಾನೇ? ನಿನ್ನ ಕೆಮ್ಮು ಹೇಗಿದೆ?

ಪಾರ್ಶ್ವವಾಯು ಬಡಿದ ಮೇಲೆ ನಿನ್ನ ಭಾವನ ಮಾತು ನಿಂತೇಹೋಯಿತು. ಭಾನುವಾರ ಊರಿನ ಸಭಾಂಗಣದಲ್ಲಿ ಡೋಲು ಕಲಿಸುವ ಶಿಬಿರಕ್ಕೆ ಇವರನ್ನು ಕರೆದೊಯ್ಯುತ್ತಿದ್ದೆ. ಅಲ್ಲಿ ಎಲ್ಲರೂ ಸುತ್ತ ಕೂತು, ಪಕ್ಕದವರ ಕೈ ನೋಡಿ ಬಾರಿಸುತ್ತಾರೆ. ಒಮ್ಮೆ ಇವರು ಎಡಗೈಯಲ್ಲಿ ತಪ್ಪು ಪೆಟ್ಟು ಹಾಕಿದರು. ಮೇಷ್ಟ್ರು, "ಯಜಮಾನ್ರು ಹೊಡೆದಿದ್ದೇ ತಾಳ, ಎಲ್ರೂ ಹಾಗೇ ಹೊಡೀರಿ" ಅಂದರು. ಇವರು ಬಾಯ್ತುಂಬ ನಕ್ಕುಬಿಟ್ಟರು ಕಣೋ!

ಈಗ ಗಲಾಟೆಯೆಂದು ಸಭಾಂಗಣದವರು ನಮ್ಮಿಂದ ಜಾಗ ಬಿಡಿಸಿದ್ದಾರೆ. ಬೇರೆ ಜಾಗಕ್ಕಾಗಿ ಊರೆಲ್ಲ ಕೇಳಿ ಸೋತೆ. ಇವರು ಮತ್ತೆ ದಿನವಿಡೀ ಗೋಡೆ ನೋಡುತ್ತಾರೆ. ಭಾನುವಾರ ನಿನ್ನ ಮರಗೆಲಸದ ಶೆಡ್ ಖಾಲಿ ಇರುತ್ತದಲ್ಲ, ಶಿಬಿರಕ್ಕೆ ಕೊಡಪ್ಪ. ಅಂದು ನಿನ್ನನ್ನು ಬೈದದ್ದಕ್ಕೆ ತಪ್ಪಾಯಿತು ಎನ್ನಲು ಇವರಿಗೀಗ ಬಾಯಿಲ್ಲ. ನನ್ನನ್ನು ಬೈದಾದರೂ ಬೇಗ ಬರೆ.

ನಿನ್ನ ಅಕ್ಕ