ಕಾಟಾದ ಮೇಲೆ ಗಾನವಿ

ಮಣಿಕೊಂಡ, ಹೈದರಾಬಾದ್
ಭಾನುವಾರ

ಅತ್ತೆಯವರಿಗೆ ಸ್ನೇಹಲತಾಳ ನಮಸ್ಕಾರ.

ಗಾನವಿಯನ್ನು ಕರೆದುಕೊಂಡು ನನ್ನ ಅಕ್ಕನ ಮನೆಗೆ ಬಂದಿದ್ದೇನೆ. ಮಗುವಿನ ಎಡಗೈ ಎರಡು ಕಡೆ ಮುರಿದಿದೆ. ಬೆನ್ನಿನ ಬಾಸುಂಡೆಗಳಿಂದ ಅಂಗಾತ ಮಲಗಲು ಆಗುತ್ತಿಲ್ಲ.

ನಿಮ್ಮ ಮಗ ಪ್ರತಿ ಶುಕ್ರವಾರ ಅಂಗಡಿಯಲ್ಲಿ ಬೇಳೆ ಮೂಟೆ ತೂಗುವ ಕಾಟಾದ ಮೇಲೆ ಅವಳನ್ನು ನಿಲ್ಲಿಸುತ್ತಿದ್ದರು. ಈ ಸಲ ತೂಕ ಇಳಿದಿರಲಿಲ್ಲ. ಶಟರ್ ಎಳೆಯುವ ಸಲಾಕೆಯಿಂದ ಹೊಡೆದರು. "ನಮ್ಮವ್ವನಂಗ ದಪ್ಪ ಆಗಾಕತ್ತಿ? ಕದ್ದು ತಿಂತೀಯೇನು?" ಎಂದು ಪ್ರತಿ ಏಟಿಗೂ ಕೇಳಿದರು. ನೀವು ದುಡ್ಡಿನ ಗಲ್ಲೆಯ ಬಳಿಯೇ ನಿಂತಿದ್ದಿರಿ. ರಾತ್ರಿ ಅವಳಿಗೆ ಒಂದೇ ರೊಟ್ಟಿ ಬಡಿಸುತ್ತಿದ್ದವರೂ ನೀವೇ.

ಡಾಕ್ಟರರನ್ನು ಕೇಳಿದೆ. ಮೈ ಬರುವುದರಲ್ಲಿ ವಂಶದ ಪಾಲು ದೊಡ್ಡದು, ಊಟ, ಓಡಾಟದ ಪಾಲೂ ಇದೆ, ಒಂದು ಮಗುವಿನಲ್ಲಿ ಅವನ್ನು ಬೇರೆ ಬೇರೆ ತೂಗಲು ಬರುವುದಿಲ್ಲ ಎಂದರು.

ಆಸ್ಪತ್ರೆಯಲ್ಲಿ ನೀವು, "ಮೆಟ್ಟಲಿಂದ ಬಿದ್ದಾಳ್ರಿ" ಅಂದಿರಿ. ನಾನು ದೂರು ಕೊಟ್ಟಿದ್ದೇನೆ, ಬುಧವಾರ ಪೊಲೀಸರು ನಿಮ್ಮನ್ನು ಕೇಳಲು ಬರುತ್ತಾರೆ. ಕಂಡದ್ದನ್ನು ಹೇಳಿ. ಗಾನವಿಯ ಕನ್ನಡಕ ಅಂಗಡಿಯಲ್ಲೇ ಬಿದ್ದಿರಬೇಕು, ಅದನ್ನು ಪೊಲೀಸರ ಕೈಯಲ್ಲಿ ಕೊಡಿ.

ಪ್ಲಾಸ್ಟರ್ ಹಾಕುವಾಗ ಅವಳು ಅಳಲಿಲ್ಲ. "ಮಮ್ಮಿ, ಶುಕ್ರವಾರ ಪಪ್ಪಾ ಇದರ ತೂಕಾನೂ ನಂದಂತ ಹಿಡೀತಾರೇನು?" ಎಂದು ಮಾತ್ರ ಕೇಳಿದಳು.

ನಿಮ್ಮ ಸೊಸೆ,
ಸ್ನೇಹಲತಾ