ಹಳದಿ ಬೈಕಿನ ಎಡಮಗ್ಗುಲು

ಸೋಮವಾರ, 6. ಸಂಜೆ

ಬೈಕುಗಳು ಬಂದವು. ಆಫೀಸಿನ ನೆಲಮಾಳಿಗೆಯಲ್ಲಿ, ಪೇಪರ್ ರೋಲುಗಳ ಪಕ್ಕ ನಿಲ್ಲಿಸಿದ್ದಾರೆ. ಒಂದು ಕಪ್ಪು, ಒಂದು ಹಳದಿ. ಸಿಸಿ, ತೂಕ, ಬೆಲೆ ಎಲ್ಲ ಹೆಚ್ಚುಕಡಿಮೆ ಒಂದೇ. ಓಡಿಸಿ, ಹೋಲಿಸಿ, ಯಾವುದು ಮೇಲು ಎಂದು ಹೇಳಬೇಕು. 18ರ ಶನಿವಾರದ ಪೇಪರಿನಲ್ಲಿ ನನ್ನ ಬೈಕ್ ಪುಟ.

ನಮ್ಮ ಬರಹ ತಿದ್ದುವ ಡೆಸ್ಕಿನ ಅಕ್ಕ ಈಗಲೇ ಹೆಡ್ಡಿಂಗ್ ಕೇಳಿದರು. 'ಎರಡು ನೇಕೆಡ್ ಬೈಕುಗಳ ಮುಖಾಮುಖಿ' ಎಂದೆ.

"ಮನೆಮಂದಿಯೆಲ್ಲ ಓದೋ ಪೇಪರ್ ಸ್ವಾಮಿ ಇದು."

"ಇಂಜಿನ್ ಮೇಲೆ ಹೊದಿಕೆ ಇಲ್ಲ, ಅಷ್ಟೇ."

"ಏನಾದ್ರೂ ಹೊದಿಸಿ ತನ್ನಿ."

ಫೋಟೋಗ್ರಾಫರ್ — ಆಫೀಸಿಗೆಲ್ಲ ಅವನು 'ಫ್ಲ್ಯಾಶ್' — ಎರಡು ಬೈಕಿಗೂ ಪ್ರದಕ್ಷಿಣೆ ಹಾಕಿದ. "ಏನ್ ಸಾರ್, ಹಲ್ಲುನೋವು ಬಂದೋರ ಥರ ನಿಂತಿದೀರ? ಸಾವಿರ ಸಿಸಿ ಸಾರ್!"

ಮೊದಲಾಗಿದ್ದರೆ ಕೀ ಸಿಕ್ಕ ಕೂಡಲೇ ಒಂದು ಸುತ್ತು ಹೋಗಿ ಬರುತ್ತಿದ್ದೆ. ಇವತ್ತು ಲಿಫ್ಟಿನಲ್ಲಿ ಮೇಲೆ ಹೋಗಿ ಟೀ ಕುಡಿದೆ.

ಮಂಗಳವಾರ, 7

ಕಪ್ಪು. ಊರೊಳಗೆ. ಕ್ಲಚ್ ಬಿಗಿ, ಸಿಗ್ನಲ್ಲುಗಳಲ್ಲೇ ಎಡಗೈ ಸೋತಿತು. ಇಂಜಿನ್ ಬಿಸಿ ನೇರ ತೊಡೆಗೆ. ಸೀಟು ಹಲಗೆ. ಗೇರ್ ಬದಲಿಸಿದರೆ 'ಠಣ್' ಎಂದು ಒದೆಯುತ್ತದೆ. ತಿರುವಿನಲ್ಲಿ ಮಾತ್ರ ಚಿನ್ನ, ಕಣ್ಣು ಹೋದ ಕಡೆ ತಾನೂ ಹೋಗುತ್ತದೆ. ಬ್ರೇಕಿಗೆ ನೂರಕ್ಕೆ ನೂರು.

ಮನೆಗೆ ಬಂದು ಸೋಫಾ ಮೇಲೆ ಬಿದ್ದೆ. ಒಲೆ ಆರಿಸಿ ಎಂದಳಂತೆ ಹೆಂಡತಿ. ಹಾಲು ಉಕ್ಕಿ ಕಟ್ಟೆಯೆಲ್ಲ.

"ಮೂರು ಸಲ ಕೂಗಿದೆ. ನಿಮ್ಮದು ಜಾಣಕಿವುಡು."

"ಸುಸ್ತಾಗಿತ್ತು ಕಣೇ."

"ಸುಸ್ತು ಕಾಲಿಗೆ ಬರುತ್ತೆ, ಕಿವಿಗಲ್ಲ."

ಬಟ್ಟೆ ತಂದು ಕಟ್ಟೆ ಒರೆಸಿದೆ. ಉತ್ತರ ಕೊಟ್ಟರೆ ಮುಗಿಯುವುದಿಲ್ಲ.

ಗುರುವಾರ, 9

ಹಳದಿ. ಹೆದ್ದಾರಿಯಲ್ಲಿ ಇಡೀ ದಿನ. ಇಳಿದಾಗ ಬೆನ್ನು ಬೆನ್ನಿನ ಜಾಗದಲ್ಲೇ ಇತ್ತು. ಕ್ಲಚ್ ಬೆಣ್ಣೆ. ಸೀಟು ಅಗಲ. ಎದೆಗೆ ಗಾಳಿ ಹೊಡೆಯುತ್ತದೆ, ನೇಕೆಡ್ ಎಂದ ಮೇಲೆ ಅದು ಇದ್ದದ್ದೇ. ಸೈಲೆನ್ಸರ್ ಒಂದೇ, ಬಲಗಡೆ, ಹದವಾದ ಗುಡುಗು. ಅದು ಬಿಟ್ಟರೆ ಇಂಜಿನ್ ಇದೆಯೋ ಇಲ್ಲವೋ ಎನ್ನುವಷ್ಟು ನಿಶ್ಶಬ್ದ.

ಕರಡಿನ ಮೊದಲ ಸಾಲು ಬರೆದಿಟ್ಟೆ: 'ಹಳದಿಯ ಇಂಜಿನ್ ರೇಷ್ಮೆ. ಒಳಗಿನ ಗಲಾಟೆ ಸೊನ್ನೆ. ದಣಿದವನಿಗೆ ಇದೇ ಬೈಕು.'

ಫ್ಲ್ಯಾಶ್ ಕಪ್ಪಿನಲ್ಲಿ ಹಿಂದೆ ಬರುತ್ತಿದ್ದ. ಪೆಟ್ರೋಲ್ ಬಂಕಿನಲ್ಲಿ ಜಗಳ. "ಎಡಗಡೆಗೆ ಬಂದು ಎಷ್ಟು ಹಾರ್ನ್ ಹೊಡ್ದೆ! ಫೋಟೋಗೆ ಒಳ್ಳೇ ಜಾಗ ದಾಟಿಹೋಯ್ತು."

"ಹೆಲ್ಮೆಟ್ಟಲ್ವೇನೋ. ಗಾಳಿ."

"ನನ್ನ ತಲೆ ಮೇಲೂ ಹೆಲ್ಮೆಟ್ಟೇ ಇತ್ತು ಸಾರ್, ಪಾತ್ರೆ ಅಲ್ಲ."

ಸಂಜೆ ಭಾಮೈದನ ಫೋನ್. ದೊಡ್ಡ ಬೈಕು ಕೊಳ್ಳಬೇಕೆಂದು ಅವನು ಕಾಯುತ್ತಿರುವುದು ಇವತ್ತು ನಿನ್ನೆಯಿಂದಲ್ಲ. ಈ ಎರಡರಲ್ಲಿ ಒಂದು. "ಭಾವ, ಪೇಪರ್‌ನಲ್ಲಿ ಬರೋವರೆಗೂ ಕಾಯಕ್ಕಾಗಲ್ಲ. ನೀವು ಹೇಳಿದ್ದೇ ಕೊನೆ."

"ಹಳದಿ," ಎಂದೆ. "ಕಣ್ಣು ಮುಚ್ಕೊಂಡು ತಗೋ."

ಶುಕ್ರವಾರ, 10. ಬೆಳಿಗ್ಗೆ

ಗೇಟಿನ ಹತ್ತಿರ ಹಳದಿ ಸ್ಟಾರ್ಟ್ ಮಾಡಿ ಗ್ಲೌಸ್ ಹಾಕಿಕೊಳ್ಳುತ್ತಿದ್ದೆ. ಅವಳು ಬಟ್ಟೆ ಒಣಹಾಕುತ್ತಿದ್ದವಳು ಮುಂದೆ ಬಂದು ನಿಂತಳು.

"ಏನ್ರೀ ಇದು, ಹೊಲಿಗೆ ಮಷೀನ್ ಥರ ಟಕಟಕ ಅಂತಿದೆ?"

"ಚೈನ್ ಇರಬೇಕು," ಎಂದೆ.

ಬೈಕಿನ ವಿಷಯದಲ್ಲಿ ಅವಳಿಗೆ ಗೊತ್ತಿರುವುದು ಎರಡೇ: ಪೆಟ್ರೋಲ್ ಹಾಕಬೇಕು, ನಿಧಾನ ಹೋಗಬೇಕು. ಹಾಗೆಂದುಕೊಂಡು ಹೊರಟೆ. ಮೊದಲ ಸಿಗ್ನಲ್ಲಿನಲ್ಲಿ ಹೊಳೆಯಿತು — ನಿಂತ ಬೈಕಿನ ಚೈನ್ ತಿರುಗುವುದೇ ಇಲ್ಲ.

ತಲೆಬಗ್ಗಿಸಿ ಕೇಳಿದೆ. ಏನೂ ಇಲ್ಲ. ರೇಷ್ಮೆ.

ಭಾನುವಾರ, 12

ಫ್ಲ್ಯಾಶ್ ವಿಡಿಯೋಗಳನ್ನು ಕಳಿಸಿದ್ದ. ಇಯರ್‌ಫೋನ್ ಹಾಕಿಕೊಂಡು ಕೂತೆ. ಎಡಗಡೆಯದು ಕೆಟ್ಟಿತ್ತು. ಕೊಂಡು ಒಂದು ತಿಂಗಳಾಗಿಲ್ಲ. ಅಂಗಡಿಯವನನ್ನು ಮನಸ್ಸಿನಲ್ಲೇ ಬೈದು, ಯಾವುದಕ್ಕೂ ಇರಲಿ ಎಂದು ಎರಡನ್ನೂ ಅದಲುಬದಲು ಮಾಡಿ ಸಿಕ್ಕಿಸಿಕೊಂಡೆ.

ಕೆಟ್ಟದ್ದು ಬಲಗಿವಿಯಲ್ಲಿ ಚೆನ್ನಾಗಿ ಹಾಡಿತು. ಚೆನ್ನಾಗಿದ್ದದ್ದು ಎಡಗಿವಿಯಲ್ಲಿ ಸತ್ತಿತು.

ಇನ್ನೊಮ್ಮೆ ಬದಲಿಸಿದೆ. ಮತ್ತೆ ಅದೇ. ಒರೆಸಿ ನೋಡಿದೆ. ವಾಲ್ಯೂಮ್ ಪೂರ್ತಿ ಏರಿಸಿದರೆ ಎಡಗಡೆ ಎಲ್ಲೋ ಪಕ್ಕದ ಮನೆಯಲ್ಲಿ ರೇಡಿಯೋ ಹಚ್ಚಿದ ಹಾಗೆ.

ಆಮೇಲೆ ವಿಡಿಯೋ ಕೇಳಿದೆ, ಒಂದೇ ಕಿವಿಯಲ್ಲಿ. ಫ್ಲ್ಯಾಶ್ ಹಳದಿಯ ಎಡಗಡೆ ಕುಕ್ಕರಗಾಲಲ್ಲಿ ಕೂತು ತೆಗೆದದ್ದು. ಟಕಟಕಟಕಟಕ. ಹೊಲಿಗೆ ಮಷೀನೇ. ಇಂಜಿನ್ನಿನ ಒಳಚೈನನ್ನು ಬಿಗಿಹಿಡಿಯುವ ಭಾಗ ಸಡಿಲವಿದ್ದರೆ ಬರುವ ಸದ್ದು. ಹೊಸ ಬೈಕಿನಲ್ಲಿ ಇರಬಾರದ್ದು. ಬಿಟ್ಟರೆ ಒಂದು ದಿನ ಇಂಜಿನ್ನೇ ಹೋಗುತ್ತದೆ.

ಸೈಲೆನ್ಸರ್ ಬಲಗಡೆ, ಇರುವ ಕಿವಿಯನ್ನು ಅದು ತುಂಬಿತು. ಟಕಟಕ ಎಡಗಡೆ, ಇಲ್ಲದ ಕಿವಿಗೆ ಬಿತ್ತು. ನಾನು ಹೊಗಳಿದ ನಿಶ್ಶಬ್ದ ಬೈಕಿನದಲ್ಲ.

ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತೇನೆ. ಯಾವಾಗಿನಿಂದ? ಗೊತ್ತಿಲ್ಲ.

ಬುಧವಾರ, 15

ಎರಡು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ ಎಂದಲ್ಲ.

ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದೆ. ದಪ್ಪ ಗೋಡೆಯ ಪುಟ್ಟ ಕೋಣೆ, ಗಾಜಿನ ಕಿಟಕಿ. "ಸದ್ದು ಕೇಳಿದಾಗ ಬಟನ್ ಒತ್ತಿ." ಬಲಗಿವಿ ಪಾಸು, ಕಷ್ಟಪಟ್ಟು. ಎಡಗಿವಿಯ ಸರದಿ ಬಂದಾಗ ಕಾದೆ. ಇನ್ನು ಒತ್ತದಿದ್ದರೆ ಚೆನ್ನಾಗಿರುವುದಿಲ್ಲ ಎನ್ನಿಸಿ ಒತ್ತಿದೆ.

ಡಾಕ್ಟರಮ್ಮ ಬಾಗಿಲು ತೆರೆದರು. "ನಾನಿನ್ನೂ ಶುರುವೇ ಮಾಡಿಲ್ಲ ಸಾರ್."

ಇಬ್ಬರೂ ನಕ್ಕೆವು. ಅವರು ಮೊದಲು ನಿಲ್ಲಿಸಿದರು.

ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು, ವರ್ಷಗಟ್ಟಲೆ. ಎಡಗಿವಿ ಹೆಚ್ಚುಕಡಿಮೆ ಹೋಗಿದೆ, ವಾಪಸ್ ಬರುವುದಿಲ್ಲ. "ಓಡಿಸೋದೇ ಕೆಲಸ ಅಂದ್ರೆ, ಕೆಲಸ ಬದಲಾಯಿಸಿ. ಇನ್ನೊಂದು ಕಿವೀನಾದ್ರೂ ಉಳಿಸ್ಕೊಳ್ಳಿ."

ಕರಡು ತೆರೆದು ಕೂತಿದ್ದೇನೆ. ದಾರಿ ಸುಲಭ. 'ರೇಷ್ಮೆ' ಹೊಡೆದುಹಾಕಿ, 'ಎಡಗಡೆ ಟಕಟಕ ಸದ್ದಿದೆ' ಎಂದು ಬರೆದರೆ ಆಯಿತು. ನಾನೇ ಕೇಳಿದ ಹಾಗೆ. ಬೈಕಿನ ಬಗ್ಗೆ ಅದು ಸುಳ್ಳೂ ಅಲ್ಲ. ಪುಟ ಉಳಿಯುತ್ತದೆ, ಮುಂದಿನ ತಿಂಗಳು ಇನ್ನೆರಡು ಬೈಕು ಬರುತ್ತವೆ. ಅವು ಎಲ್ಲಿ ಸದ್ದು ಮಾಡುತ್ತವೋ.

ಗುರುವಾರ, 16. ಸಂಜೆ

ಅವಳನ್ನು ಹಿಂದೆ ಕೂರಿಸಿಕೊಂಡು ಹಳದಿಯಲ್ಲಿ ಹೋದೆ. "ನಿನ್ನ ತಮ್ಮ ಕೊಳ್ಳೋ ಬೈಕು, ನೀನೂ ನೋಡು ಬಾ" ಎಂದು ಕರೆದಿದ್ದೆ. ಹತ್ತುವಾಗ, "ಇದೇನು ಸೀಟೋ, ಅಂಚೆಚೀಟಿಯೋ" ಎಂದಳು.

ಹಳೆ ಗೋದಾಮಿನ ಹಿಂದಿನ ಖಾಲಿ ರಸ್ತೆ. ಸದ್ದು ಎಲ್ಲಿಂದ ಬರುತ್ತದೆಯೋ ಆ ಕಡೆ ತಟ್ಟು ಎಂದಿದ್ದೆ. ವೇಗ ಇಳಿಸಿದೆ. ನನ್ನ ಎಡತೊಡೆಯ ಮೇಲೆ ತಟ್ಟಿದಳು. ಏರಿಸಿದೆ, ತಟ್ಟುವುದು ನಿಂತಿತು. ಇಳಿಸಿದೆ, ಮತ್ತೆ ಶುರು. ಮೂರು ಸಲವೂ ಅಷ್ಟೇ ಖಚಿತ.

ನಿಲ್ಲಿಸಿದೆ. ಅವಳು ಇಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆನ್ನಿಗೆ ಒಂದು ಗುದ್ದು.

ಇಂಜಿನ್ ಆರಿಸಿ ಹೆಲ್ಮೆಟ್ ತೆಗೆದೆ. "ಏನು?"

"ಈಗ ನಾನೇನಂದೆ?"

ಹೇಳಲಾಗಲಿಲ್ಲ.

ಇಳಿದು ಮುಂದಿನಿಂದ ಸುತ್ತಿ ಬಂದು ಬಲಗಡೆ ನಿಂತಳು. "ಎಷ್ಟು ದಿನದಿಂದ?"

"ಡಾಕ್ಟ್ರು ನಿನ್ನೆ ಹೇಳಿದ್ರು."

"ನಾನು ಜಾಣಕಿವುಡು ಅಂದ್ನಲ್ಲ, ಅವತ್ತೇ ಹೇಳೋಕೇನಾಗಿತ್ತು?"

"ಅವತ್ತು ನಂಗೂ ಗೊತ್ತಿರಲಿಲ್ಲ."

ಹಿಂದೆ ಕೂತಿದ್ದಾಗ ಏನಂದಿದ್ದೆ ಎಂದು ಅವಳನ್ನು ಕೇಳಿದೆ.

"ಬೈದೆ. ಇನ್ನೊಂದ್ಸಲ ಬೈಯೋಕೆ ಶಕ್ತಿ ಇಲ್ಲ. ನಡೀರಿ, ನಿಧಾನ."

ಮನೆಗೆ ಬಂದು ಭಾಮೈದನಿಗೆ ಫೋನ್ ಮಾಡಿದೆ. ಹಳದಿ ಬೇಡ, ಈಗಲೇ ನಿಲ್ಲಿಸು. ನನಗೆ ಕೇಳಿಸದ ಸದ್ದು ಅದರಲ್ಲಿದೆ. ಯಾಕೆ ಕೇಳಿಸಲಿಲ್ಲ ಎನ್ನುವುದನ್ನೂ ಹೇಳಿದೆ.

"ಕಣ್ಣು ಮುಚ್ಕೊಂಡು ತಗೋ ಅಂದ್ರಿ ಭಾವ. ಕಿವೀನೂ ಮುಚ್ಕೋಬೇಕು ಅಂತ ಹೇಳಲಿಲ್ಲವಲ್ಲ."

ನಗಿಸಲೆಂದೇ ಹೇಳಿದ. ನಕ್ಕೆ. "ಅಕ್ಕಂಗೆ ಕೊಡಿ" ಎಂದ. ಕೊಟ್ಟೆ. ಅವಳು ಫೋನ್ ಹಿಡಿದು ಒಳಗೆ ಹೋದಳು.

ಶುಕ್ರವಾರ, 17

ಕಾಪಿ ಕೊಟ್ಟೆ. ತೀರ್ಪು: ಕಪ್ಪು. ಕೈ ಸೋಲಿಸುತ್ತದೆ, ತೊಡೆ ಸುಡುತ್ತದೆ, ಆದರೆ ತನ್ನ ದೋಷವನ್ನೆಲ್ಲ ಎದುರಿಗೇ ಇಟ್ಟಿದೆ. ಕೊನೆಗೆ ಇದನ್ನು ಸೇರಿಸಿದೆ: 'ನಮಗೆ ಸಿಕ್ಕ ಹಳದಿಯಲ್ಲಿ, ವೇಗ ಇಳಿಸಿದಾಗ ಇಂಜಿನ್ನಿನ ಎಡಮಗ್ಗುಲಲ್ಲಿ ಸದ್ದಿದೆ. ಈ ಲೇಖಕನಿಗೆ ಅದು ಕೇಳಿಸಲಿಲ್ಲ, ಎಡಗಿವಿ ಕೆಲಸ ನಿಲ್ಲಿಸಿದೆ. ಕೇಳಿಸಿದ್ದು ಮನೆಯವರಿಗೆ, ಸಿಕ್ಕಿದ್ದು ಛಾಯಾಗ್ರಾಹಕರ ವಿಡಿಯೋದಲ್ಲಿ.'

ಡೆಸ್ಕಿನ ಅಕ್ಕ ಕರೆದರು. ಅವರ ಎಡಗಡೆಯ ಕುರ್ಚಿ ಖಾಲಿ ಇತ್ತು. ಎದುರು ಕೂತಿದ್ದವನು, ಬಲಗಿವಿ ಅವರ ಕಡೆ ಬರುವ ಹಾಗೆ ಎದ್ದು ಅಲ್ಲಿಗೆ ಹೋದೆ. ನೋಡಿದರು.

"ಇದು ಅಚ್ಚಾದ್ರೆ ಮುಂದಿನ ಬೈಕು ನಿಮ್ಮ ಕೈಗೆ ಬರಲ್ಲ. ಗೊತ್ತಲ್ಲ?"

"ಗೊತ್ತು."

"ಕೊನೇ ಮೂರು ಸಾಲು ತೆಗೆದ್ರೂ ಕಾಪಿ ನಿಲ್ಲುತ್ತೆ."

"ನಿಲ್ಲುತ್ತೆ. ನಾನು ನಿಲ್ಲಲ್ಲ."

ಪೆನ್ನಿನ ತುದಿ ಕಚ್ಚಿದರು. ಪುಟದಲ್ಲಿ ಒಂದೇ ತಿದ್ದುಪಡಿ ಮಾಡಿದರು: ಹೆಡ್ಡಿಂಗಿನ 'ನೇಕೆಡ್' ತೆಗೆದು 'ಮುಚ್ಚುಮರೆಯಿಲ್ಲದ' ಎಂದು ಹಾಕಿದರು.

ಶನಿವಾರ, 18. ಬೆಳಿಗ್ಗೆ

ಪುಟ ಬಂದಿದೆ. ಕಪ್ಪಿನ ಫೋಟೋ ದೊಡ್ಡದು. ನಿನ್ನೆ ಮಲಗುವಾಗ ಅವಳು ತನ್ನ ದಿಂಬನ್ನು ಈಚೆಗೆ, ನನ್ನ ಬಲಕ್ಕೆ ಹಾಕಿಕೊಂಡಳು. ಎದ್ದಾಗ ಇಬ್ಬರ ಕನ್ನಡಕಗಳೂ ಅದಲುಬದಲಾಗಿದ್ದವು.

ಹಳದಿ ಒಯ್ಯಲು ಫ್ಲ್ಯಾಶ್ ಬಂದಿದ್ದಾನೆ. ಓದಿದ್ದಾನೆ ಎಂದು ಕಾಣುತ್ತದೆ, ಗೇಟಿನಿಂದಲೇ ಕೂಗಾಡುತ್ತಿಲ್ಲ. ಒಳಗೆ ಬಂದು ಮುಂದೆ ನಿಂತು, "ಕೀ ಕೊಡಿ ಸಾರ್" ಎಂದ. ಕೊಟ್ಟೆ. ಇನ್ನು ಕೀ ಕೊಡುವುದೇ ಕೆಲಸವೇನೋ.

ಸ್ಟಾರ್ಟ್ ಮಾಡಿದ. ಗುಡುಗು ಮಾತ್ರ. ಕುರ್ಚಿ ತಿರುಗಿಸಿ, ಬಲಗಿವಿಯನ್ನು ಕಿಟಕಿಗೆ ಕೊಟ್ಟು ಕೂತಿದ್ದೇನೆ. ಬೈಕನ್ನೂ ತಿರುಗಿಸುತ್ತಿದ್ದಾನೆ, ಈಗ ಅದರ ಎಡಮಗ್ಗುಲು ಈ ಕಡೆ — ತಡಿ. ಗುಡುಗಿನ ಕೆಳಗೆ. ಸಣ್ಣಗೆ. ಟಕ, ಟಕ…

ಹೌದು. ಹೊಲಿಗೆ ಮಷೀನೇ. ಅವಳಿಗೆ ಹೇಳಬೇಕು.